ಸ್ವತಂತ್ರ ಸಿನಿಮಾ ಮಾಡುವವರಿಗೆ ಕಾನೂನು ಮತ್ತು ವ್ಯವಹಾರ: ಕಥೆಯ ಹಕ್ಕಿನಿಂದ ವಿತರಣೆಯವರೆಗೆ ಹೆಜ್ಜೆ ಹೆಜ್ಜೆಯಾಗಿ

ಸಿನಿಮಾ ಮುಗಿದಿದೆ. ಒಂದೆರಡು ಫೆಸ್ಟಿವಲ್‌ಗಳಲ್ಲಿ ಜನ ಮೆಚ್ಚಿದ್ದಾರೆ. ವಿತರಕರೊಬ್ಬರು ಫೋನ್ ಮಾಡಿ ‘ನಮಗೆ ಬೇಕು’ ಅಂದಿದ್ದಾರೆ. ಮರುದಿನ ಅವರ ವಕೀಲರಿಂದ ಒಂದು ಮೇಲ್ ಬರುತ್ತದೆ. ಕಥೆಯ ಹಕ್ಕಿನ ಪತ್ರ, ಚಿತ್ರಕಥೆ ಬರೆದವರ ಕರಾರು, ನಿರ್ದೇಶಕರ ಕರಾರು, ನಟರ ಸಹಿ, ಸಂಗೀತದ ಲೈಸೆನ್ಸ್ ಎಲ್ಲವನ್ನೂ ಕಳಿಸಿ ಅಂತ. ಎಷ್ಟೋ ಒಳ್ಳೆಯ ಸಿನಿಮಾಗಳು ಇಲ್ಲೇ ನಿಂತುಬಿಡುತ್ತವೆ.

ಸಿನಿಮಾ ಮಾರುವುದು ಅಂದರೆ ಹಕ್ಕು ಮಾರುವುದು. ಕಥೆ ಬರೆದವರು, ನಟಿಸಿದವರು, ಶೂಟ್ ಮಾಡಿದವರು, ಟ್ಯೂನ್ ಹಾಕಿದವರು, ಪೋಸ್ಟರ್ ಬಿಡಿಸಿದವರು, ಹೀಗೆ ಒಬ್ಬೊಬ್ಬರ ಕೈಯಲ್ಲೂ ಹಕ್ಕಿನ ಒಂದೊಂದು ತುಂಡು ಇರುತ್ತದೆ. ಆ ತುಂಡುಗಳೆಲ್ಲ ಬರಹದ ಮೂಲಕ ಒಂದೇ ಹೆಸರಿಗೆ ಬಂದು ಸೇರಬೇಕು. ಇದಕ್ಕೆ ಉದ್ಯಮದಲ್ಲಿ ‘ಚೈನ್ ಆಫ್ ಟೈಟಲ್’ ಅನ್ನುತ್ತಾರೆ. ಜಮೀನು ಕೊಳ್ಳುವವರು ಹಿಂದಿನ ಪತ್ರಗಳನ್ನೆಲ್ಲ ಕೇಳುತ್ತಾರಲ್ಲ, ಇದೂ ಹಾಗೇ. ನಡುವೆ ಒಂದು ಪತ್ರ ಇಲ್ಲದಿದ್ದರೂ ಯಾರೂ ದುಡ್ಡು ಕೊಡುವುದಿಲ್ಲ.

ಇಡೀ ಮಾರ್ಗದರ್ಶಿಯಲ್ಲಿ ನಾನು ಒತ್ತಿ ಹೇಳುವುದು ಒಂದೇ ಮಾತು: ಸಹಿ ಮೊದಲು, ಶೂಟಿಂಗ್ ಆಮೇಲೆ. ಶೂಟಿಂಗ್‌ಗೆ ಮುಂಚೆ ಎಲ್ಲರಿಗೂ ಉತ್ಸಾಹ ಇರುತ್ತದೆ, ಎರಡು ಪುಟದ ಕಾಗದಕ್ಕೆ ಸಹಿ ಹಾಕಲು ಯಾರೂ ತಕರಾರು ಮಾಡುವುದಿಲ್ಲ. ಸಿನಿಮಾ ತಯಾರಾಗಿ, ಅದಕ್ಕೆ ಬೆಲೆ ಬಂದ ಮೇಲೆ ಅದೇ ಸಹಿ ಕೇಳಿ ನೋಡಿ. ಸಹಿ ಹಾಕದ ಒಬ್ಬರು ಇಡೀ ಸಿನಿಮಾವನ್ನು ತಡೆಯಬಲ್ಲರು, ಅದು ಅವರಿಗೂ ಗೊತ್ತಾಗಿರುತ್ತದೆ.

ಇನ್ನೊಂದು ವಿಷಯ. ಕಾನೂನು ದೇಶದಿಂದ ದೇಶಕ್ಕೆ ಬೇರೆ. ಇಲ್ಲಿ ನಾನು ಹಲವು ದೇಶಗಳ ಕಾನೂನು, ಕೇಸುಗಳನ್ನು ಉದಾಹರಣೆಗೆ ತೆಗೆದುಕೊಂಡಿದ್ದೇನೆ. ನಿಮ್ಮ ಕರಾರನ್ನು ಅಂತಿಮ ಮಾಡುವಾಗ ನಿಮ್ಮ ದೇಶದ ಮನರಂಜನಾ ವಕೀಲರಿಗೆ ತೋರಿಸಿ. ಎಲ್ಲದಕ್ಕೂ ವಕೀಲರನ್ನು ಇಟ್ಟುಕೊಳ್ಳಲು ಹಣ ಇಲ್ಲ ಅಂದರೆ ಮೂರು ಕಡೆ ಮಾತ್ರ ಜಿಪುಣತನ ಮಾಡಬೇಡಿ: ಕಥೆಯ ಹಕ್ಕು, ಹೂಡಿಕೆದಾರರ ಪತ್ರ, ವಿತರಣೆಯ ಕರಾರು.

ಹೆಜ್ಜೆ 1: ಹಕ್ಕು ಸೇರುವ ಹೆಸರನ್ನು ಮೊದಲು ಗಟ್ಟಿ ಮಾಡಿ

ಎಲ್ಲ ಹಕ್ಕೂ ಒಂದು ಹೆಸರಿಗೆ ಬರಬೇಕು ಅಂದೆ. ಆ ಹೆಸರು ಯಾರದು? ಸಾಮಾನ್ಯವಾಗಿ ಒಂದು ಕಂಪನಿಯದು. ಬಹಳಷ್ಟು ನಿರ್ಮಾಪಕರು ಒಂದೊಂದು ಸಿನಿಮಾಗೂ ಒಂದೊಂದು ಹೊಸ ಕಂಪನಿ ಮಾಡುತ್ತಾರೆ. ಅದು ಮಾಲೀಕರ ಹೊಣೆಗೆ ಮಿತಿ ಇರುವ ಯಾವುದಾದರೂ ರೂಪದ್ದು: ಎಲ್‌ಎಲ್‌ಸಿ ಆಗಬಹುದು, ಎಲ್‌ಎಲ್‌ಪಿ ಆಗಬಹುದು, ಪ್ರೈವೇಟ್ ಲಿಮಿಟೆಡ್ ಆಗಬಹುದು. ಸೆಟ್‌ನಲ್ಲಿ ಅಪಘಾತವಾಗಿ ಯಾರಾದರೂ ಕೇಸು ಹಾಕಿದರೆ, ಸಾಲ ತೀರಿಸಲಾಗದೆ ಹೋದರೆ, ಹೊಣೆ ಆ ಕಂಪನಿಗೆ ನಿಲ್ಲುತ್ತದೆ. ನಿಮ್ಮ ಮನೆಗೋ ನಿಮ್ಮ ಮುಂದಿನ ಸಿನಿಮಾಗೋ ಅದು ಸುಲಭಕ್ಕೆ ತಟ್ಟುವುದಿಲ್ಲ.

ಆದರೆ ಕಂಪನಿ ಹೆಸರಿಗೆ ಮಾತ್ರ ಇದ್ದರೆ ಈ ರಕ್ಷಣೆ ಸಿಗುವುದಿಲ್ಲ. ಸಿನಿಮಾದ ಖಾತೆಯಿಂದ ಮನೆ ಖರ್ಚು ಮಾಡಿದರೆ, ಕರಾರಿಗೆಲ್ಲ ನಿಮ್ಮ ಸ್ವಂತ ಹೆಸರಲ್ಲಿ ಸಹಿ ಹಾಕಿದರೆ, ಕಂಪನಿ ಬೇರೆ ನೀವು ಬೇರೆ ಅನ್ನುವ ವಾದವನ್ನು ಕೋರ್ಟ್ ಒಪ್ಪದೇ ಹೋಗಬಹುದು. ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಪ್ರತಿ ಬಿಲ್ ಇಟ್ಟುಕೊಳ್ಳಿ. ಸಹಿ ಹಾಕುವಾಗ ಕಂಪನಿಯ ಹೆಸರು ಬರೆದು, ಅದರ ಪರವಾಗಿ ಅಂತ ಬರೆದು ಹಾಕಿ.

ಕಿರುಚಿತ್ರ ಮಾಡುತ್ತಿದ್ದೀರಿ, ಸ್ವಂತ ದುಡ್ಡು, ನಾಲ್ಕು ಜನರ ತಂಡ ಅಂದರೆ ಕಂಪನಿ ಬೇಡವೇ ಬೇಡ. ಆದರೂ ಹಕ್ಕೆಲ್ಲ ಯಾರ ಹೆಸರಿಗೆ ಅನ್ನುವುದನ್ನು ಬರೆದಿಡಿ.

ಗೆಳೆಯರು ಸೇರಿ ಮಾಡುವಾಗ ಇದು ಇನ್ನೂ ಮುಖ್ಯ. ಯಾರು ಎಷ್ಟು ಹಾಕುತ್ತಾರೆ ಅನ್ನುವುದನ್ನು ಎಲ್ಲರೂ ಬರೆದುಕೊಳ್ಳುತ್ತಾರೆ. ಜಗಳ ಬರುವುದು ಬೇರೆ ಕಡೆ: ಫೈನಲ್ ಕಟ್, ಅಂದರೆ ಎಡಿಟಿಂಗ್‌ನ ಕೊನೆಯ ತೀರ್ಮಾನ, ಯಾರದು, ಹಣ ಸಾಲದೆ ಬಂದರೆ ಯಾರು ತರಬೇಕು, ನಡುವೆ ಒಬ್ಬರು ಬಿಟ್ಟು ಹೋದರೆ ಅವರ ಕೆಲಸ ಮತ್ತು ಅವರ ಪಾಲು ಏನಾಗುತ್ತದೆ, ನಿರ್ಮಾಪಕರು ಅಂತ ಯಾರ್ಯಾರ ಹೆಸರು ಯಾವ ಕ್ರಮದಲ್ಲಿ ಬರುತ್ತದೆ. ಸ್ನೇಹ ಚೆನ್ನಾಗಿರುವಾಗಲೇ ಇವುಗಳನ್ನು ಕೂತು ಮಾತಾಡಿ ಬರೆದುಕೊಳ್ಳಿ. ಮಾತಾಡಲು ಮುಜುಗರ ಆಗುತ್ತದೆ ನಿಜ, ಆದರೆ ಆ ಮುಜುಗರ ಒಂದು ಸಂಜೆಯದು.

ಹೆಜ್ಜೆ 2: ಕಥೆ ಯಾರದು?

ಐಡಿಯಾಗೆ ಕಾಪಿರೈಟ್ ಇಲ್ಲ. ಐಡಿಯಾವನ್ನು ನೀವು ಹೇಗೆ ಬರೆದಿರಿ, ಹೇಗೆ ಕಟ್ಟಿದಿರಿ ಅನ್ನುವುದಕ್ಕೆ ಇದೆ. ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದದಲ್ಲೂ ಇದೇ ತತ್ವ ಇದೆ. ಭಾರತದ ಸುಪ್ರೀಂ ಕೋರ್ಟ್ 1978ರ ಆರ್. ಜಿ. ಆನಂದ್ ಕೇಸಿನಲ್ಲಿ ಹೇಳಿದ್ದೂ ಇದನ್ನೇ. ಒಂದು ನಾಟಕಕ್ಕೂ ಒಂದು ಸಿನಿಮಾಗೂ ವಿಷಯ ಒಂದೇ ಆಗಿತ್ತು, ಆದರೆ ಅದನ್ನು ಬೆಳೆಸಿದ ರೀತಿ ಬೇರೆ, ಹಾಗಾಗಿ ಉಲ್ಲಂಘನೆ ಇಲ್ಲ ಅಂತ ತೀರ್ಪು ಬಂತು. ಹಾಗಾಗಿ ಐಡಿಯಾ ಹೇಳಿಕೊಂಡು ತಿರುಗುವ ಮೊದಲು ಅದನ್ನು ಪೂರ್ತಿ ಬರೆಯಿರಿ. ಯಾರಿಗೆ ಯಾವತ್ತು ಕಳಿಸಿದಿರಿ ಅನ್ನುವ ಮೇಲ್‌ಗಳನ್ನು ಅಳಿಸಬೇಡಿ.

1886ರ ಬರ್ನ್ ಒಪ್ಪಂದವನ್ನು ಒಪ್ಪಿದ ದೇಶಗಳಲ್ಲಿ ಕಾಪಿರೈಟ್ ಬರಲು ನೋಂದಣಿ ಬೇಕಿಲ್ಲ, ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು. ಹಾಗಂತ ನೋಂದಣಿ ಸುಮ್ನೆ ಅಂತ ಬಿಡಬೇಡಿ. ಅಮೆರಿಕದಲ್ಲಿ ಕಾನೂನು ನಿಗದಿ ಮಾಡಿದ ಪರಿಹಾರ ಮತ್ತು ವಕೀಲರ ಖರ್ಚು ಕೇಳಬೇಕು ಅಂದರೆ ಕದಿಯುವ ಮೊದಲೇ, ಇಲ್ಲವೇ ಮೊದಲ ಪ್ರಕಟಣೆಯಾದ 3 ತಿಂಗಳ ಒಳಗೆ ನೋಂದಣಿ ಆಗಿರಬೇಕು. ಬೇರೆ ದೇಶಗಳಲ್ಲೂ ಅದು ಒಳ್ಳೆಯ ಸಾಕ್ಷಿ.

ಕಾದಂಬರಿ, ಸಣ್ಣಕಥೆ, ನಾಟಕದಿಂದ ಸಿನಿಮಾ ಮಾಡುವುದಾದರೆ ಚಿತ್ರಕಥೆ ಬರೆಯಲು ಕೂರುವ ಮೊದಲೇ ಹಕ್ಕು ಕೇಳಿ. 1922ರಲ್ಲಿ ಬಂದ ಜರ್ಮನಿಯ ಮೂಕಿ ಚಿತ್ರ ‘ನೊಸ್ಫೆರಾಟು’ ಡ್ರಾಕುಲಾ ಕಾದಂಬರಿಯ ಕಥೆಯನ್ನು ಹೆಸರು ಬದಲಾಯಿಸಿ ಬಳಸಿತ್ತು. ಲೇಖಕರ ಪತ್ನಿ ಕೇಸು ಹಾಕಿದರು. 1925ರಲ್ಲಿ ಪ್ರತಿಗಳನ್ನೆಲ್ಲ ನಾಶ ಮಾಡಿ ಅಂತ ಕೋರ್ಟ್ ಆದೇಶ ಕೊಟ್ಟಿತು. ಕೆಲವು ಪ್ರತಿಗಳು ಹೇಗೋ ಉಳಿದವು, ಅದಕ್ಕೇ ಇವತ್ತು ಆ ಚಿತ್ರ ನೋಡಲು ಸಿಗುತ್ತದೆ.

ಹಕ್ಕು ತೆಗೆದುಕೊಂಡರೂ ಅದು ಪೂರ್ತಿಯಾಗಿದೆಯಾ ನೋಡಬೇಕು. ಹಿಚ್‌ಕಾಕ್ 1954ರಲ್ಲಿ ಮಾಡಿದ ‘ರಿಯರ್ ವಿಂಡೋ’ ಒಂದು ಸಣ್ಣಕಥೆಯಿಂದ ಬಂದದ್ದು, ಹಕ್ಕನ್ನು ಕಾಸು ಕೊಟ್ಟೇ ಕೊಂಡಿದ್ದರು. ಆದರೆ ಆಗಿನ ಅಮೆರಿಕದ ಕಾನೂನಿನಲ್ಲಿ ಕಾಪಿರೈಟ್ ನವೀಕರಿಸಬೇಕಿತ್ತು, ಅದಕ್ಕೆ ಮುಂಚೆಯೇ ಲೇಖಕರು ತೀರಿಕೊಂಡರು. ನವೀಕರಿಸಿದ ಹಕ್ಕನ್ನು ಬೇರೆಯವರೊಬ್ಬರು 650 ಡಾಲರ್ ಮತ್ತು ಬರುವ ಹಣದಲ್ಲಿ ಒಂದು ಪಾಲು ಕೊಡುವ ಮಾತಿಗೆ ಕೊಂಡರು. 1990ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಜಗತ್ಪ್ರಸಿದ್ಧ ಸಿನಿಮಾ, ದೊಡ್ಡ ಸ್ಟುಡಿಯೋ, ಆದರೂ ಕಥೆಯ ಹಕ್ಕಿನ ಒಂದು ಕೊಂಡಿ ಸಡಿಲವಾಗಿತ್ತು.

ಪೂರ್ತಿ ಹಕ್ಕು ಕೊಳ್ಳಲು ಹಣ ಇಲ್ಲದವರಿಗೆ ಆಪ್ಷನ್ ಕರಾರು ಒಳ್ಳೆಯ ದಾರಿ. ಸಣ್ಣ ಮೊತ್ತ ಕೊಟ್ಟು, ಒಂದೋ ಒಂದೂವರೆಯೋ ವರ್ಷ ಆ ಕಥೆಯನ್ನು ಬೇರೆ ಯಾರಿಗೂ ಕೊಡದ ಹಾಗೆ ಕಾಯ್ದಿರಿಸುವುದು. ಅಷ್ಟರಲ್ಲಿ ನೀವು ಹಣ ಹೊಂದಿಸಬೇಕು. ಈ ಕರಾರಿನಲ್ಲೇ ಪೂರ್ತಿ ಹಕ್ಕಿನ ಬೆಲೆ ಎಷ್ಟು, ಅವಧಿ ವಿಸ್ತರಿಸಲು ಎಷ್ಟು ಕೊಡಬೇಕು, ಸರಣಿ, ರೀಮೇಕ್, ಮುಂದಿನ ಭಾಗ, ಬೇರೆ ಭಾಷೆಯ ಹಕ್ಕು ಸೇರಿದೆಯಾ ಅನ್ನುವುದೆಲ್ಲ ಇರಲಿ. ಬೆಲೆ ಆಮೇಲೆ ಮಾತಾಡೋಣ ಅಂತ ಬಿಟ್ಟ ಆಪ್ಷನ್‌ನಿಂದ ಏನೂ ಉಪಯೋಗವಿಲ್ಲ.

ಚಿತ್ರಕಥೆ ಬರೆದವರು ನೀವಲ್ಲದಿದ್ದರೆ, ಅಥವಾ ಜೊತೆಗೆ ಇನ್ನೊಬ್ಬರಿದ್ದರೆ, ಅವರಿಂದ ಹಕ್ಕು ವರ್ಗಾವಣೆ ಬರಹದಲ್ಲೇ ಬೇಕು. ಭಾರತದ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಇದನ್ನು ಚೆನ್ನಾಗಿ ತೋರಿಸುತ್ತದೆ. ಕರಾರಿನಲ್ಲಿ ಅವಧಿ ಬರೆಯದಿದ್ದರೆ ಅದು 5 ವರ್ಷ ಅಂತ ಲೆಕ್ಕ. ಯಾವ ಪ್ರದೇಶ ಅಂತ ಬರೆಯದಿದ್ದರೆ ಭಾರತದೊಳಗೆ ಮಾತ್ರ. ಕೊಂಡ ಹಕ್ಕನ್ನು 1 ವರ್ಷದೊಳಗೆ ಬಳಸದಿದ್ದರೆ, ಬೇರೆ ಮಾತು ಬರೆದಿಲ್ಲದ ಪಕ್ಷದಲ್ಲಿ, ವರ್ಗಾವಣೆ ಬಿದ್ದುಹೋಗುತ್ತದೆ. ಸಿನಿಮಾ ಮುಗಿಯಲು ಎಷ್ಟು ವರ್ಷ ಬೇಕಾಗುತ್ತದೆ ಅಂತ ಯೋಚಿಸಿ. ‘ಎಲ್ಲ ಹಕ್ಕೂ ನಿಮ್ಮದು’ ಅನ್ನುವ ಒಂದು ಸಾಲಿನ ಕಾಗದ ಎಷ್ಟು ಬೇಗ ಬೆಲೆ ಕಳೆದುಕೊಳ್ಳುತ್ತದೆ ಅಲ್ವಾ? ಅವಧಿ, ಪ್ರದೇಶ, ಮಾಧ್ಯಮ ಮೂರನ್ನೂ ಬಿಡಿಸಿ ಬರೆಯಿಸಿ.

ನಿಜ ಘಟನೆಯ ಕಥೆಯಾದರೆ, ಘಟನೆ ಯಾರ ಆಸ್ತಿಯೂ ಅಲ್ಲ. ಆದರೆ ಬದುಕಿರುವ ವ್ಯಕ್ತಿಯ ಮಾನ ಮತ್ತು ಖಾಸಗಿತನ ಅವರದು. ಅವರ ಒಪ್ಪಿಗೆ ಬರಹದಲ್ಲಿ ಸಿಕ್ಕರೆ ಕೇಸಿನ ಭಯ ಕಡಿಮೆಯಾಗುತ್ತದೆ. ಅವರೇ ಕೂತು ಮಾತಾಡಿದರೆ ಯಾವ ಪತ್ರಿಕೆಯಲ್ಲೂ ಸಿಗದ ವಿವರಗಳೂ ಸಿಗುತ್ತವೆ.

ಹೆಜ್ಜೆ 3: ಹಣ ತರುವಾಗ ಏನು ಮಾತು ಕೊಡುತ್ತಿದ್ದೀರಿ ನೋಡಿ

ಒಬ್ಬರು ಹಣ ಕೊಟ್ಟರು ಅಂದರೆ ಅದು ಕೊಡುಗೆಯೋ, ಸಾಲವೋ, ಹೂಡಿಕೆಯೋ? ಇದು ಸ್ಪಷ್ಟ ಇಲ್ಲದೆ ಒಂದು ರೂಪಾಯಿಯನ್ನೂ ಮುಟ್ಟಬೇಡಿ. ಕ್ರೌಡ್‌ಫಂಡಿಂಗ್‌ನಲ್ಲಿ ಕಿಕ್‌ಸ್ಟಾರ್ಟರ್ ಥರದ ವೆಬ್‌ಸೈಟ್‌ಗಳಲ್ಲಿ ಜನ ಹಣ ಕೊಡುತ್ತಾರೆ, ನೀವು ಪ್ರತಿಯಾಗಿ ಪೋಸ್ಟರ್, ಟಿಕೆಟ್, ಟೈಟಲ್‌ನಲ್ಲಿ ಹೆಸರು ಕೊಡುತ್ತೀರಿ. ಲಾಭದಲ್ಲಿ ಪಾಲು ಕೊಡುತ್ತೇನೆ ಅಂದ ಕೂಡಲೇ ಕಥೆ ಬೇರೆ.

ಅಮೆರಿಕದ ಸುಪ್ರೀಂ ಕೋರ್ಟ್ 1946ರ ಹೋವಿ ಕೇಸಿನಲ್ಲಿ ಒಂದು ಪರೀಕ್ಷೆ ಹೇಳಿತು. ಸ್ಥೂಲವಾಗಿ ಅದು ಹೀಗೆ: ಒಂದು ಜಂಟಿ ಉದ್ಯಮಕ್ಕೆ ಹಣ ಹಾಕಿ, ಬೇರೆಯವರ ಶ್ರಮದಿಂದ ಲಾಭ ಬರುತ್ತದೆ ಅಂತ ಕಾಯುತ್ತಿದ್ದರೆ ಅದು ಸೆಕ್ಯೂರಿಟಿ. ಅಂದರೆ ಷೇರು ಮಾರಾಟಕ್ಕೆ ಇರುವ ನಿಯಮಗಳು ಇದಕ್ಕೂ ಬರುತ್ತವೆ. ಭಾರತದಲ್ಲೂ ಒಂದು ಕಂಪನಿ ಖಾಸಗಿಯಾಗಿ ಷೇರು ಕೊಡುವುದಾದರೆ ಒಂದು ಆರ್ಥಿಕ ವರ್ಷದಲ್ಲಿ 200 ಜನರ ಮಿತಿ ಇದೆ, ಜಾಹೀರಾತು ಕೊಟ್ಟು ಕರೆಯುವ ಹಾಗಿಲ್ಲ. ‘ನನ್ನ ಸಿನಿಮಾಗೆ ಹಣ ಹಾಕಿ, ಲಾಭದಲ್ಲಿ ಪಾಲು ಪಡೆಯಿರಿ’ ಅಂತ ಸೋಷಿಯಲ್ ಮೀಡಿಯಾದಲ್ಲಿ ಹಾಕುವ ಪೋಸ್ಟ್ ಎಷ್ಟು ಅಪಾಯದ್ದು ಅಂತ ಇದರಿಂದ ಗೊತ್ತಾಗುತ್ತದೆ. ಪೋಸ್ಟ್ ಹಾಕುವ ಮೊದಲು ವಕೀಲರನ್ನು ಕೇಳಿ.

ಆಮೇಲೆ, ಬಂದ ಹಣ ಯಾವ ಕ್ರಮದಲ್ಲಿ ಹಂಚಿಕೆಯಾಗುತ್ತದೆ ಅನ್ನುವುದನ್ನು ಬರೆಯಿರಿ. ಸಾಮಾನ್ಯ ಕ್ರಮ ಹೀಗಿರುತ್ತದೆ: ಮೊದಲು ವಿತರಕರ ಕಮಿಷನ್ ಮತ್ತು ಖರ್ಚು, ಆಮೇಲೆ ಸಾಲ, ಆಮೇಲೆ ಹೂಡಿಕೆದಾರರ ಅಸಲು ಮತ್ತು ಒಪ್ಪಿಕೊಂಡ ಹೆಚ್ಚುವರಿ, ಆಮೇಲೆ ಬಾಕಿ ಇಟ್ಟ ಸಂಭಾವನೆಗಳು, ಉಳಿದದ್ದು ಹೂಡಿಕೆದಾರರು ಮತ್ತು ನಿರ್ಮಾಪಕರ ನಡುವೆ. ಒಂದು ಹಾಳೆಯಲ್ಲಿ ಕಾಲ್ಪನಿಕ ಮೊತ್ತ ಹಾಕಿ ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಿ. ಬಾಕಿ ಸಂಭಾವನೆಗೆ ಒಪ್ಪಿದ ಕ್ಯಾಮೆರಾಮನ್‌ಗೆ ದುಡ್ಡು ಸೇರಬೇಕಾದರೆ ಸಿನಿಮಾ ಎಷ್ಟು ಗಳಿಸಬೇಕು ಅಂತ ಕಣ್ಣಿಗೆ ಕಾಣುತ್ತದೆ. ಆ ಹಾಳೆಯನ್ನು ಅವರಿಗೂ ತೋರಿಸಿ. ಆಸೆ ಹುಟ್ಟಿಸಿ ಕೆಲಸ ಮಾಡಿಸಿಕೊಳ್ಳುವುದಕ್ಕಿಂತ ಇದು ಒಳ್ಳೆಯದು.

ನಿವ್ವಳ ಲಾಭ ಅನ್ನುವ ಪದ ಕರಾರಿನಲ್ಲಿ ಎಲ್ಲಿ ಬಂದರೂ, ಏನೇನು ಕಳೆದ ಮೇಲಿನ ನಿವ್ವಳ ಅಂತ ಬಿಡಿಸಿ ಬರೆಯಿಸಿ. 1988ರ ‘ಕಮಿಂಗ್ ಟು ಅಮೆರಿಕ’ 25 ಕೋಟಿ ಡಾಲರ್‌ಗೂ ಜಾಸ್ತಿ ಗಳಿಸಿತ್ತು. ಆದರೂ ನಿವ್ವಳ ಲಾಭವೇ ಇಲ್ಲ ಅಂತ ಸ್ಟುಡಿಯೋ ಲೆಕ್ಕ ಕೊಟ್ಟಿತು. ಕಥೆಯ ಮೂಲ ಕೊಟ್ಟಿದ್ದ ಆರ್ಟ್ ಬುಕ್‌ವಾಲ್ಡ್ ಕೋರ್ಟಿಗೆ ಹೋದರು, ಆ ಲೆಕ್ಕದ ಸೂತ್ರ ಅನ್ಯಾಯದ್ದು ಅಂತ 1990ರಲ್ಲಿ ತೀರ್ಪು ಬಂತು. ನಮ್ಮಂಥವರು ಅಷ್ಟು ದೂರ ಕೋರ್ಟಿಗೆ ಹೋಗಲಾಗದು. ಅದಕ್ಕೇ ಒಟ್ಟು ಗಳಿಕೆಯ ಸಣ್ಣ ಪಾಲು ಸಿಕ್ಕರೆ ನಿವ್ವಳದ ದೊಡ್ಡ ಪಾಲಿಗಿಂತ ಅದನ್ನೇ ಒಪ್ಪಿಕೊಳ್ಳಿ ಅಂತ ನಾನು ಹೇಳುತ್ತೇನೆ.

ಹೆಜ್ಜೆ 4: ತಂಡದ ಪ್ರತಿಯೊಬ್ಬರ ಸಹಿ

ಸಿನಿಮಾದ ಕರ್ತೃ ಯಾರು ಅನ್ನುವುದಕ್ಕೆ ದೇಶಕ್ಕೊಂದು ಉತ್ತರ. ಭಾರತದ ಕಾಯ್ದೆ ನಿರ್ಮಾಪಕರು ಅನ್ನುತ್ತದೆ. ಬ್ರಿಟನ್‌ನಲ್ಲಿ ನಿರ್ಮಾಪಕರು ಮತ್ತು ಪ್ರಧಾನ ನಿರ್ದೇಶಕರು ಇಬ್ಬರೂ. ಫ್ರಾನ್ಸ್‌ನಲ್ಲಿ ನಿರ್ದೇಶಕರು, ಬರೆದವರು, ಸಂಗೀತ ಕೊಟ್ಟವರು ಎಲ್ಲ ಸಹ ಕರ್ತೃಗಳು. ಅಮೆರಿಕದಲ್ಲಿ ‘ವರ್ಕ್ ಮೇಡ್ ಫಾರ್ ಹೈರ್’, ಅಂದರೆ ಕೆಲಸ ಮಾಡಿಸಿಕೊಂಡವರೇ ಕರ್ತೃ ಅನ್ನುವ ವ್ಯವಸ್ಥೆ ಇದೆ, ಆದರೆ ಫ್ರೀಲಾನ್ಸ್ ಕೆಲಸಕ್ಕೆ ಎರಡೂ ಕಡೆಯವರ ಸಹಿ ಇರುವ ಬರಹ ಇದ್ದರೆ ಮಾತ್ರ. ನಿಮ್ಮ ಸಿನಿಮಾ ಹಲವು ದೇಶಗಳಿಗೆ ಹೋಗುವ ಆಸೆ ಇದ್ದರೆ ಯಾವ ದೇಶದ ಉತ್ತರಕ್ಕೂ ಸಾಲುವಂಥ ಕರಾರು ಬೇಕು. ಎಲ್ಲರಿಂದಲೂ ವರ್ಗಾವಣೆ ಬರೆಯಿಸಿಕೊಳ್ಳುವುದೇ ಅದು.

ನ್ಯೂಯಾರ್ಕ್‌ನಲ್ಲಿ 2011ರಲ್ಲಿ ಒಂದು ಕಿರುಚಿತ್ರದ ಶೂಟಿಂಗ್ ಆಯಿತು. ಉಳಿದವರೆಲ್ಲ ಕರಾರಿಗೆ ಸಹಿ ಹಾಕಿದ್ದರು, ನಿರ್ದೇಶಕರು ಹಾಕಿರಲಿಲ್ಲ. ಶೂಟಿಂಗ್ ಆದ ಮೇಲೆ ಫೂಟೇಜ್ ಇದ್ದ ಹಾರ್ಡ್ ಡಿಸ್ಕ್ ಅವರ ಹತ್ತಿರ, ಹಕ್ಕು ನನ್ನದು ಅನ್ನುವ ವಾದವೂ ಅವರದು. ಚಿತ್ರದ ಪ್ರದರ್ಶನ ಒಂದು ನಿಂತೇ ಹೋಯಿತು. ಕೊನೆಗೆ 2015ರಲ್ಲಿ ಅಪೀಲು ಕೋರ್ಟ್ ನಿರ್ಮಾಣ ಸಂಸ್ಥೆಯ ಪರ ತೀರ್ಪು ಕೊಟ್ಟಿತು. ‘16 ಕಾಸಾ ಡೂಸೆ’ ಕೇಸು ಅಂತ ಇದು ಪ್ರಸಿದ್ಧ. ಗೆದ್ದರು ನಿಜ, ಆದರೆ ಒಂದು ಕಿರುಚಿತ್ರಕ್ಕಾಗಿ ವರ್ಷಗಟ್ಟಲೆ ಕೋರ್ಟ್. ಶೂಟಿಂಗ್ ಮುಂಚಿನ ಒಂದು ಸಹಿ ಇದನ್ನೆಲ್ಲ ತಪ್ಪಿಸುತ್ತಿತ್ತು.

ಪ್ರತಿ ಕರಾರಿನಲ್ಲೂ ಇರಬೇಕಾದದ್ದು: ಕೆಲಸ ಏನು, ಎಷ್ಟು ದಿನ, ಸಂಭಾವನೆ ಎಷ್ಟು ಮತ್ತು ಯಾವಾಗ, ಹಕ್ಕಿನ ವರ್ಗಾವಣೆ, ಟೈಟಲ್‌ನಲ್ಲಿ ಹೆಸರು ಹೇಗೆ ಬರುತ್ತದೆ. ಜೊತೆಗೆ ಇನ್ನೊಂದು ಸಾಲು ಬೇಕೇ ಬೇಕು. ಜಗಳ ಬಂದರೆ ಪರಿಹಾರವಾಗಿ ಹಣ ಕೇಳಬಹುದು, ಬಿಡುಗಡೆಗೆ ತಡೆ ತರುವ ಹಾಗಿಲ್ಲ ಅಂತ. ವಿತರಕರ ವಕೀಲರು ಮೊದಲು ಹುಡುಕುವ ಸಾಲುಗಳಲ್ಲಿ ಅದೂ ಒಂದು.

ಉಚಿತವಾಗಿ ಕೆಲಸ ಮಾಡುವವರಿಂದಲೂ ಸಹಿ ಬೇಕು. ಅವರಿಂದಲೇ ಇನ್ನೂ ಮುಖ್ಯವಾಗಿ ಬೇಕು, ಯಾಕೆಂದರೆ ಸಂಬಳದ ರಸೀದಿಯೂ ಇರುವುದಿಲ್ಲ. ಮಕ್ಕಳು ನಟಿಸಿದರೆ ಪೋಷಕರ ಸಹಿ, ಜೊತೆಗೆ ಮಕ್ಕಳ ಕೆಲಸದ ಗಂಟೆಗಳ ಬಗ್ಗೆ ಆಯಾ ದೇಶದ ನಿಯಮ. ಡಾಕ್ಯುಮೆಂಟರಿಯಲ್ಲಿ ಮಾತಾಡುವವರಿಂದ ರಿಲೀಸ್ ಫಾರಂಗೆ, ಅಂದರೆ ಅವರನ್ನು ಸಿನಿಮಾದಲ್ಲಿ ತೋರಿಸಲು ಕೊಡುವ ಒಪ್ಪಿಗೆ ಪತ್ರಕ್ಕೆ, ಅವತ್ತೇ ಸಹಿ ತೆಗೆದುಕೊಳ್ಳಿ. ಕಾಗದಕ್ಕೆ ಹೆದರುವವರು ಇರುತ್ತಾರೆ. ಅವರಿಗೆ ಏನು, ಯಾಕೆ, ಎಲ್ಲಿ ತೋರಿಸುತ್ತೇವೆ ಅಂತ ಅವರ ಭಾಷೆಯಲ್ಲಿ ಹೇಳಿ, ಕ್ಯಾಮೆರಾ ಮುಂದೆ ಒಪ್ಪಿಗೆ ಹೇಳಿಸಿಟ್ಟುಕೊಳ್ಳಿ. ಆದರೂ ಕಾಗದ ಇದ್ದರೆ ಅದರ ತೂಕ ಜಾಸ್ತಿ.

ಹೆಜ್ಜೆ 5: ಜಾಗ, ಅನುಮತಿ, ಸುರಕ್ಷತೆ

ಅನುಮತಿ ಇಲ್ಲದೆ ಕದ್ದು ಶೂಟ್ ಮಾಡುವುದನ್ನು ಸಾಹಸ ಅಂತ ಹೇಳಿಕೊಳ್ಳುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. 2014ರ ಫೆಬ್ರವರಿಯಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಒಂದು ತಂಡ ರೈಲ್ವೆ ಸೇತುವೆ ಮೇಲೆ ಚಿತ್ರೀಕರಣ ಮಾಡುತ್ತಿತ್ತು. ರೈಲ್ವೆ ಕಂಪನಿ ಅನುಮತಿ ಕೊಟ್ಟಿರಲಿಲ್ಲ. ರೈಲು ಬಂತು. ಕ್ಯಾಮೆರಾ ಸಹಾಯಕಿ ಸಾರಾ ಜೋನ್ಸ್ ಸತ್ತರು, ಅವರಿಗೆ 27 ವರ್ಷ. ನಿರ್ದೇಶಕರು ತಪ್ಪೊಪ್ಪಿಕೊಂಡು ಜೈಲಿಗೆ ಹೋದರು. ಯಾವ ಶಾಟ್‌ಗೂ ಇಷ್ಟು ಬೆಲೆ ಇಲ್ಲ.

ಜಾಗದ ಮಾಲೀಕರಿಂದ ಬರಹದ ಒಪ್ಪಿಗೆ ಪಡೆಯಿರಿ. ಬಾಡಿಗೆದಾರರ ಒಪ್ಪಿಗೆ ಸಾಲದು, ಮಾಲೀಕರದೂ ಬೇಕು. ಆ ಜಾಗವನ್ನು ಸಿನಿಮಾದಲ್ಲಿ ತೋರಿಸುವ ಹಕ್ಕು ಅದರಲ್ಲಿ ಇರಲಿ, ಒಂದು ದಿನ ಮರುಶೂಟಿಂಗ್‌ಗೆ ಬರುವ ಅವಕಾಶವೂ ಇರಲಿ. ರಸ್ತೆ, ಉದ್ಯಾನ, ಡ್ರೋನ್‌ಗೆ ಆಯಾ ಆಡಳಿತದ ಅನುಮತಿ ಬೇಕು. ಸಾರ್ವಜನಿಕ ಹೊಣೆಯ ವಿಮೆ ಮತ್ತು ಸಲಕರಣೆಯ ವಿಮೆ ಮಾಡಿಸಿ. ಎಷ್ಟೋ ಕಡೆ ವಿಮೆಯ ಪ್ರತಿ ತೋರಿಸದೆ ಅನುಮತಿಯೇ ಸಿಗುವುದಿಲ್ಲ.

ಹೆಜ್ಜೆ 6: ಫ್ರೇಮ್‌ನೊಳಗೆ ಏನೇನಿದೆ?

ಗೋಡೆಯ ಮೇಲಿನ ಪೇಂಟಿಂಗ್, ನಟನ ಟ್ಯಾಟೂ, ಹಿಂದೆ ಓಡುತ್ತಿರುವ ಟಿವಿ, ಪಾತ್ರದ ಕೈಯಲ್ಲಿರುವ ಪುಸ್ತಕದ ಮುಖಪುಟ. ಇವೆಲ್ಲ ಯಾರದೋ ಕೃತಿ. ಅಮೆರಿಕದಲ್ಲಿ ಒಂದು ಟಿವಿ ಸರಣಿಯ ಸೆಟ್‌ನಲ್ಲಿ ಫೇತ್ ರಿಂಗೋಲ್ಡ್ ಅವರ ಕಲಾಕೃತಿಯ ಪೋಸ್ಟರ್ ಹಿನ್ನೆಲೆಯಲ್ಲಿತ್ತು. ಎಲ್ಲ ಶಾಟ್ ಸೇರಿಸಿದರೂ 27 ಸೆಕೆಂಡ್ ಇರಲಿಲ್ಲ. ಇದು ಲೆಕ್ಕಕ್ಕಿಲ್ಲದಷ್ಟು ಸಣ್ಣದು ಅನ್ನುವ ವಾದವನ್ನು 1997ರಲ್ಲಿ ಅಪೀಲು ಕೋರ್ಟ್ ಒಪ್ಪಲಿಲ್ಲ. ‘12 ಮಂಕೀಸ್’ ಸಿನಿಮಾದ ಒಂದು ಕುರ್ಚಿಯ ಸೆಟ್ ವಾಸ್ತುಶಿಲ್ಪಿ ಲೆಬಿಯಸ್ ವುಡ್ಸ್ ಅವರ ಚಿತ್ರದ ಹಾಗಿತ್ತು. 1996ರಲ್ಲಿ ಕೋರ್ಟ್ ಸಿನಿಮಾಗೇ ತಡೆ ಕೊಟ್ಟಿತು, ಆಮೇಲೆ ರಾಜಿಯಾಯಿತು.

ಚಿತ್ರಕಥೆ ಕೈಗೆ ಬಂದ ಮೇಲೆ ದೃಶ್ಯ ದೃಶ್ಯವಾಗಿ ಪಟ್ಟಿ ಮಾಡಿ. ಕಲಾ ನಿರ್ದೇಶಕರ ಜೊತೆ ಕೂತು ಯಾವುದಕ್ಕೆ ಅನುಮತಿ ಕೇಳುವುದು, ಯಾವುದನ್ನು ನಾವೇ ಮಾಡಿಸುವುದು, ಯಾವುದನ್ನು ತೆಗೆದುಬಿಡುವುದು ಅಂತ ತೀರ್ಮಾನ ಮಾಡಿ. ಗುರುತಿನ ಕಲಾವಿದರಿಂದ ಪೇಂಟಿಂಗ್ ಬರೆಸಿ ಸಹಿ ಪಡೆಯುವುದು ಅನುಮತಿಗೆ ಅಲೆಯುವುದಕ್ಕಿಂತ ಎಷ್ಟೋ ಸುಲಭ. ಡಾಕ್ಯುಮೆಂಟರಿಗೆ ಸ್ವಲ್ಪ ರಿಯಾಯಿತಿ ಇದೆ. ವಿಮರ್ಶೆ, ವರದಿ ಮುಂತಾದ ಉದ್ದೇಶಕ್ಕೆ ನ್ಯಾಯಸಮ್ಮತ ಬಳಕೆಯ ಅವಕಾಶ ಹಲವು ದೇಶಗಳಲ್ಲಿದೆ. ಆದರೆ ‘30 ಸೆಕೆಂಡ್ ತನಕ ಬಳಸಬಹುದು’ ಅನ್ನುವ ಮಾತಿಗೆ ಯಾವ ಆಧಾರವೂ ಇಲ್ಲ.

ಹೆಜ್ಜೆ 7: ಸಂಗೀತ

ಸ್ವತಂತ್ರ ಸಿನಿಮಾಗಳು ಅತಿ ಹೆಚ್ಚು ಎಡವುವುದು ಇಲ್ಲೇ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಒಂದು ಹಾಡಿನಲ್ಲಿ ಎರಡು ಹಕ್ಕಿದೆ. ಒಂದು, ಸಾಹಿತ್ಯ ಮತ್ತು ರಾಗ ಸಂಯೋಜನೆಯದು. ಇನ್ನೊಂದು, ಆ ನಿರ್ದಿಷ್ಟ ರೆಕಾರ್ಡಿಂಗ್‌ನದು. ಸಿನಿಮಾದಲ್ಲಿ ಬಳಸಲು ಮೊದಲನೆಯದಕ್ಕೆ ಸಿಂಕ್ ಲೈಸೆನ್ಸ್, ಎರಡನೆಯದಕ್ಕೆ ಮಾಸ್ಟರ್ ಲೈಸೆನ್ಸ್ ಬೇಕು. ನೂರಾರು ವರ್ಷ ಹಳೆಯ ಕೃತಿಯಾದರೆ ರಾಗ, ಸಾಹಿತ್ಯ ಯಾರದೂ ಅಲ್ಲದಿರಬಹುದು, ಆದರೆ ಹೋದ ವರ್ಷ ಯಾರೋ ಹಾಡಿದ ರೆಕಾರ್ಡಿಂಗ್ ಅವರದು. ಎರಡರಲ್ಲಿ ಒಂದು ಸಿಕ್ಕಿ ಇನ್ನೊಂದು ಸಿಗದಿದ್ದರೆ ಹಾಡು ಬಳಸುವ ಹಾಗಿಲ್ಲ. ಸಂಯೋಜನೆಯ ಹಕ್ಕು ಸಿಕ್ಕಿ ರೆಕಾರ್ಡಿಂಗ್ ದುಬಾರಿಯಾದರೆ ಬೇರೆ ಗಾಯಕರಿಂದ ಹಾಡಿಸಿಕೊಳ್ಳಬಹುದು.

ಚಾರ್ಲ್ಸ್ ಬರ್ನೆಟ್ ಅವರು ವಿದ್ಯಾರ್ಥಿಯಾಗಿದ್ದಾಗ 1970ರ ದಶಕದಲ್ಲಿ ಮಾಡಿದ ‘ಕಿಲ್ಲರ್ ಆಫ್ ಶೀಪ್’ ಅಮೆರಿಕದ ಸ್ವತಂತ್ರ ಸಿನಿಮಾದ ದೊಡ್ಡ ಹೆಸರು. ಅದರಲ್ಲಿದ್ದ ಹಾಡುಗಳ ಹಕ್ಕು ಪಡೆದಿರಲಿಲ್ಲ. ಚಿತ್ರಮಂದಿರದಲ್ಲಿ ಸರಿಯಾಗಿ ಬಿಡುಗಡೆಯಾಗಲು 2007ರವರೆಗೆ ಕಾಯಬೇಕಾಯಿತು, ಸಂಗೀತದ ಹಕ್ಕಿಗೇ 1,50,000 ಡಾಲರ್ ಬೇಕಾಯಿತು. ಇಷ್ಟು ವರ್ಷ ಜನ ನೋಡಬಹುದಾಗಿದ್ದ ಸಿನಿಮಾ ಅದು. ಇದನ್ನು ನೆನೆಸಿಕೊಂಡರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಲೈಸೆನ್ಸ್ ಇದ್ದರೂ ಅದರ ಅವಧಿ ನೋಡಿ. ಅಮೆರಿಕದ ನಾಗರಿಕ ಹಕ್ಕು ಚಳವಳಿಯ ಬಗ್ಗೆ 1987ರಲ್ಲಿ ಬಂದ ‘ಐಸ್ ಆನ್ ದ ಪ್ರೈಜ್’ ಸರಣಿ ಹಳೆಯ ದೃಶ್ಯ, ಫೋಟೋ, ಹಾಡುಗಳನ್ನು ಕೆಲವು ವರ್ಷಗಳ ಮಟ್ಟಿಗೆ ಲೈಸೆನ್ಸ್ ಪಡೆದಿತ್ತು. ಅವಧಿ ಮುಗಿದ ಮೇಲೆ ಅದನ್ನು ಪ್ರಸಾರ ಮಾಡಲಾಗಲಿಲ್ಲ. ಅನುದಾನ ಸಿಕ್ಕಿ ಹಕ್ಕುಗಳನ್ನು ಮತ್ತೆ ಪಡೆದ ಮೇಲೆ 2006ರಲ್ಲಿ ಟಿವಿಗೆ ವಾಪಸ್ ಬಂತು. ಹಾಗಾಗಿ ಲೈಸೆನ್ಸ್ ಕೇಳುವಾಗ ಎಲ್ಲ ಮಾಧ್ಯಮ, ಎಲ್ಲ ದೇಶ, ಶಾಶ್ವತ ಅಂತಲೇ ಕೇಳಿ. ದುಬಾರಿ ಅಂದರೆ ಈಗ ಫೆಸ್ಟಿವಲ್‌ಗೆ ಮಾತ್ರ ಕಡಿಮೆ ಬೆಲೆಗೆ ಪಡೆದು, ಪೂರ್ತಿ ಹಕ್ಕಿನ ಬೆಲೆಯನ್ನು ಈಗಲೇ ಬರೆಸಿಕೊಳ್ಳಿ. ಸಿನಿಮಾ ಗೆದ್ದ ಮೇಲೆ ಬೆಲೆ ಕೇಳಿದರೆ ಅದು ಬೇರೆಯೇ ಇರುತ್ತದೆ.

ಕ್ರಿಯೇಟಿವ್ ಕಾಮನ್ಸ್, ಅಂದರೆ ಕೆಲವು ಷರತ್ತಿನ ಮೇಲೆ ಯಾರು ಬೇಕಾದರೂ ಬಳಸಲಿ ಅಂತ ಕರ್ತೃಗಳೇ ಬಿಟ್ಟ ಸಂಗೀತ ಉಚಿತ ಅಂತ ಎತ್ತಿ ಹಾಕುವವರು ಲೈಸೆನ್ಸ್ ಓದುವುದಿಲ್ಲ. ಅದರ ನಿಯಮದಲ್ಲಿ ಸಂಗೀತವನ್ನು ಚಲಿಸುವ ದೃಶ್ಯಕ್ಕೆ ಹೊಂದಿಸುವುದೇ ರೂಪಾಂತರ. ಹಾಗಾಗಿ ‘ಎನ್‌ಡಿ’ ಅಂತ ಇರುವ ಸಂಗೀತವನ್ನು ಸಿನಿಮಾದಲ್ಲಿ ಬಳಸುವ ಹಾಗೇ ಇಲ್ಲ. ‘ಎಸ್‌ಎ’ ಅಂತ ಇದ್ದರೆ ನಿಮ್ಮ ಸಿನಿಮಾವನ್ನೂ ಅದೇ ಲೈಸೆನ್ಸ್‌ನಲ್ಲಿ ಬಿಡಬೇಕಾಗುತ್ತದೆ. ‘ಎನ್‌ಸಿ’ ಇದ್ದರೆ ವಾಣಿಜ್ಯ ಬಳಕೆ ಇಲ್ಲ. ಉಳಿಯುವುದು ಹೆಸರು ಹಾಕಿದರೆ ಸಾಕು ಅನ್ನುವ ‘ಬಿವೈ’ ಮತ್ತು ಎಲ್ಲರಿಗೂ ಬಿಟ್ಟುಕೊಟ್ಟ ‘ಸಿಸಿ0’.

ಹೊಸ ಸಂಗೀತ ಮಾಡಿಸುವುದಾದರೆ ಸಂಗೀತ ನಿರ್ದೇಶಕರ ಜೊತೆಗೆ ವಾದ್ಯ ನುಡಿಸಿದವರು, ಹಾಡಿದವರು ಎಲ್ಲರ ಸಹಿ ಬೇಕು. ಅವರ ರಾಯಲ್ಟಿ ಹಕ್ಕನ್ನು ಗೌರವಿಸಿ. ಭಾರತದಲ್ಲಿ 2012ರ ತಿದ್ದುಪಡಿಯ ನಂತರ, ಚಿತ್ರಮಂದಿರದಲ್ಲಿ ಸಿನಿಮಾ ಜೊತೆ ಬರುವ ಬಳಕೆ ಬಿಟ್ಟು ಬೇರೆ ಬಳಕೆಗಳಲ್ಲಿ ಬರುವ ರಾಯಲ್ಟಿಯ ಪಾಲನ್ನು ಗೀತೆ ಮತ್ತು ಸಂಗೀತ ಬರೆದವರು ಬಿಟ್ಟುಕೊಡುವ ಹಾಗೇ ಇಲ್ಲ. ಯಾವ ಟ್ಯೂನ್ ಎಷ್ಟು ಸೆಕೆಂಡ್, ಯಾರದು ಅನ್ನುವ ಕ್ಯೂ ಶೀಟ್ ಅನ್ನು ಎಡಿಟಿಂಗ್ ಮುಗಿಯುವಾಗಲೇ ತಯಾರಿಸಿ.

ಎಐನಿಂದ ಸಂಗೀತ ಅಥವಾ ಚಿತ್ರ ಮಾಡಿಸುವವರಿಗೆ ಒಂದು ಮಾತು. ಮನುಷ್ಯ ಕರ್ತೃ ಇಲ್ಲದ ಕೃತಿಗೆ ಕಾಪಿರೈಟ್ ಇಲ್ಲ ಅಂತ ಅಮೆರಿಕದ ಅಪೀಲು ಕೋರ್ಟ್ 2025ರ ಥೇಲರ್ ಕೇಸಿನಲ್ಲಿ ಹೇಳಿದೆ. ಎಲ್ಲೆಲ್ಲಿ ಎಐ ಬಳಸಿದ್ದೀರಿ ಅಂತ ಬರೆದಿಡಿ. ವಿತರಕರು ಕೇಳುತ್ತಾರೆ.

ಹೆಜ್ಜೆ 8: ಡೆಲಿವರಿ ಮತ್ತು ವಿಮೆ

ವಿತರಕರು ಸಿನಿಮಾದ ಜೊತೆ ಕೇಳುವ ಪಟ್ಟಿ ಉದ್ದ ಇರುತ್ತದೆ: ಮಾಸ್ಟರ್ ಫೈಲ್, ಡಿಸಿಪಿ (ಚಿತ್ರಮಂದಿರದಲ್ಲಿ ಓಡಿಸುವ ಡಿಜಿಟಲ್ ಪ್ರತಿ), ಸಂಭಾಷಣೆ ಇಲ್ಲದ ಸಂಗೀತ ಮತ್ತು ಎಫೆಕ್ಟ್ಸ್ ಟ್ರ್ಯಾಕ್, ಸಬ್‌ಟೈಟಲ್, ಸಂಭಾಷಣೆ ಪಟ್ಟಿ, ಸ್ಟಿಲ್ ಫೋಟೋ, ಕ್ಯೂ ಶೀಟ್, ಎಲ್ಲ ಕರಾರುಗಳ ಪ್ರತಿ. ಜೊತೆಗೆ ಎರರ್ಸ್ ಅಂಡ್ ಒಮಿಷನ್ಸ್ ವಿಮೆ, ಇ ಅಂಡ್ ಒ ಅಂತ ಕರೆಯುತ್ತಾರೆ. ಹಕ್ಕು ಕದ್ದಿದ್ದೀರಿ, ಮಾನಹಾನಿ ಮಾಡಿದ್ದೀರಿ ಅಂತ ಯಾರಾದರೂ ಕೇಸು ಹಾಕಿದರೆ ಖರ್ಚು ಅದು ಕೊಡುತ್ತದೆ. ವಿಮಾ ಕಂಪನಿ ಪಾಲಿಸಿ ಕೊಡುವ ಮೊದಲು ಇದುವರೆಗೆ ಹೇಳಿದ ಕಾಗದಗಳನ್ನೆಲ್ಲ ಕೇಳುತ್ತದೆ. ಬಜೆಟ್ ಹಾಕುವಾಗಲೇ ಡೆಲಿವರಿಗೆ ಹಣ ತೆಗೆದಿಡಿ, ಕೊನೆಗೆ ಯಾರ ಕೈಯಲ್ಲೂ ಹಣ ಉಳಿದಿರುವುದಿಲ್ಲ.

ಹೆಜ್ಜೆ 9: ವಿತರಣೆಯ ಕರಾರು

ಮುಂಗಡ ಎಷ್ಟು ಅನ್ನುವುದನ್ನೇ ನೋಡಿ ಸಹಿ ಹಾಕುವವರು ಬಹಳ. ಮೊದಲು ನೋಡಬೇಕಾದದ್ದು ಏನನ್ನು ಕೊಡುತ್ತಿದ್ದೀರಿ ಅನ್ನುವುದು. ಯಾವ ದೇಶ, ಯಾವ ಭಾಷೆ, ಯಾವ ಮಾಧ್ಯಮ, ಎಷ್ಟು ವರ್ಷ. ಚಿತ್ರಮಂದಿರ, ಟಿವಿ, ಒಟಿಟಿ, ವಿಮಾನದೊಳಗಿನ ಪ್ರದರ್ಶನ, ಶಿಕ್ಷಣ ಸಂಸ್ಥೆ, ರೀಮೇಕ್, ಡಬ್ಬಿಂಗ್ ಇವೆಲ್ಲ ಬೇರೆ ಬೇರೆ ಹಕ್ಕು. ಒಬ್ಬರಿಗೇ ಎಲ್ಲ ಕೊಡಬೇಕಾಗಿಲ್ಲ. ಅವರು ಎಲ್ಲಿ ನಿಜವಾಗಿ ವ್ಯಾಪಾರ ಮಾಡುತ್ತಾರೋ ಅಷ್ಟನ್ನು ಕೊಡಿ. ‘ಇವತ್ತು ಇರುವ ಮತ್ತು ಮುಂದೆ ಬರುವ ಎಲ್ಲ ಮಾಧ್ಯಮ, ಶಾಶ್ವತವಾಗಿ’ ಅನ್ನುವ ಸಾಲು ಸಂಗೀತ ಕೊಳ್ಳುವಾಗ ನಿಮ್ಮ ಪರ, ಸಿನಿಮಾ ಮಾರುವಾಗ ನಿಮ್ಮ ವಿರುದ್ಧ.

ಆಮೇಲೆ ಖರ್ಚು. ವಿತರಕರು ಪ್ರಚಾರಕ್ಕೆ, ಫಿಲ್ಮ್ ಮಾರ್ಕೆಟ್ ಪ್ರಯಾಣಕ್ಕೆ, ಪೋಸ್ಟರ್‌ಗೆ ಮಾಡಿದ ಖರ್ಚನ್ನು ನಿಮ್ಮ ಪಾಲಿಗಿಂತ ಮೊದಲು ಕಳೆಯುತ್ತಾರೆ. ಅದಕ್ಕೊಂದು ಗರಿಷ್ಠ ಮಿತಿ ಬರೆಸಿ. ಅದಕ್ಕಿಂತ ಹೆಚ್ಚಾದರೆ ನಿಮ್ಮ ಲಿಖಿತ ಒಪ್ಪಿಗೆ ಬೇಕು ಅಂತ ಸೇರಿಸಿ. ಅವರ ಬೇರೆ ಸಿನಿಮಾಗಳ ನಷ್ಟವನ್ನು ನಿಮ್ಮ ಗಳಿಕೆಯಲ್ಲಿ ತುಂಬಿಕೊಳ್ಳುವ ಹಾಗಿಲ್ಲ ಅಂತಲೂ ಬರೆಸಿ. ನಡುವೆ ಉಪವಿತರಕರು ಬಂದರೆ ಇಬ್ಬರ ಕಮಿಷನ್ ಸೇರಿ ಇಷ್ಟಕ್ಕಿಂತ ಹೆಚ್ಚಾಗಬಾರದು ಅನ್ನುವ ಸಾಲು ಇಲ್ಲದೆ ಹೋದರೆ ನಿಮ್ಮ ಕೈಗೆ ಏನೂ ಉಳಿಯುವುದಿಲ್ಲ.

ಹಕ್ಕು ವಾಪಸ್ ಬರುವ ಷರತ್ತು ನನಗೆ ಎಲ್ಲಕ್ಕಿಂತ ಮುಖ್ಯ. ಇಷ್ಟು ತಿಂಗಳೊಳಗೆ ಬಿಡುಗಡೆ ಮಾಡದಿದ್ದರೆ, ಲೆಕ್ಕ ಕೊಡದಿದ್ದರೆ, ಹಣ ಕೊಡದಿದ್ದರೆ, ಕಂಪನಿ ಮುಚ್ಚಿದರೆ ಹಕ್ಕು ನಿಮಗೆ ವಾಪಸ್. 2019ರಲ್ಲಿ ಅಮೆರಿಕದ ಡಿಸ್ಟ್ರಿಬ್ಬರ್ ಅನ್ನುವ ಅಗ್ರಿಗೇಟರ್, ಅಂದರೆ ಸಿನಿಮಾಗಳನ್ನು ಒಟಿಟಿಗಳಿಗೆ ತಲುಪಿಸುವ ಮಧ್ಯವರ್ತಿ ಕಂಪನಿ, ಕುಸಿದಾಗ ಎಷ್ಟೋ ಸ್ವತಂತ್ರ ನಿರ್ಮಾಪಕರ ಹಣ ಸಿಕ್ಕಿಹಾಕಿಕೊಂಡಿತು. ಒಟಿಟಿಯಲ್ಲಿ ಸಿನಿಮಾ ಇದೆ, ಜನ ನೋಡುತ್ತಿದ್ದಾರೆ, ಹಣ ಮಾತ್ರ ನಿರ್ಮಾಪಕರಿಗೆ ತಲುಪುತ್ತಿಲ್ಲ ಅನ್ನುವ ಸ್ಥಿತಿ. ಕಂಪನಿಯೊಂದು ದಿವಾಳಿಯಾದ ಮೇಲೆ ಹಕ್ಕು ವಾಪಸ್ ಪಡೆಯುವುದು ಹಲವು ದೇಶಗಳಲ್ಲಿ ಕಷ್ಟ, ಅದಕ್ಕೇ ದಿವಾಳಿಯವರೆಗೆ ಕಾಯದೆ ಲೆಕ್ಕ ತಪ್ಪಿದ ಮೊದಲ ಸಲವೇ ನೋಟಿಸ್ ಕೊಡುವ ಷರತ್ತು ಇಟ್ಟುಕೊಳ್ಳಿ. ದೊಡ್ಡ ಮೊತ್ತ, ಹಲವು ದೇಶಗಳ ಮಾರಾಟ ಇದ್ದರೆ, ಬರುವ ಹಣವನ್ನೆಲ್ಲ ಮೂರನೆಯವರ ಖಾತೆಗೆ ಹಾಕಿಸಿ ಅಲ್ಲಿಂದ ಎಲ್ಲರಿಗೂ ಹಂಚುವ ಕಲೆಕ್ಷನ್ ಅಕೌಂಟ್ ವ್ಯವಸ್ಥೆಯೂ ಇದೆ.

ಸಹಿ ಹಾಕುವ ಮೊದಲು ಅದೇ ವಿತರಕರ ಜೊತೆ ಈ ಹಿಂದೆ ಕೆಲಸ ಮಾಡಿದ ಇಬ್ಬರು ಮೂವರು ನಿರ್ಮಾಪಕರಿಗೆ ಫೋನ್ ಮಾಡಿ. ಹಣ ಬಂತಾ, ಲೆಕ್ಕ ಸಮಯಕ್ಕೆ ಬರುತ್ತಾ, ಫೋನ್ ಎತ್ತುತ್ತಾರಾ ಅಂತ ನೇರವಾಗಿ ಕೇಳಿ. ಸಿನಿಮಾ ಮಂದಿ ಇಂಥ ವಿಷಯ ಮುಚ್ಚಿಡುವುದಿಲ್ಲ.

ಹೆಜ್ಜೆ 10: ಬಿಡುಗಡೆಯ ನಂತರ

ಟೈಟಲ್ ಕಾರ್ಡ್‌ನಲ್ಲಿ ಕಾಪಿರೈಟ್ ಸಾಲು, ವರ್ಷ, ಕಂಪನಿಯ ಹೆಸರು ಇದೆಯಾ ನೋಡಿ. 1968ರ ‘ನೈಟ್ ಆಫ್ ದ ಲಿವಿಂಗ್ ಡೆಡ್’ ಸಿನಿಮಾಗೆ ಕೊನೆ ಗಳಿಗೆಯಲ್ಲಿ ಹೆಸರು ಬದಲಾಯಿಸುವಾಗ ಆ ಸಾಲು ಬಿಟ್ಟುಹೋಯಿತು. ಆಗಿನ ಅಮೆರಿಕದ ಕಾನೂನಿನಲ್ಲಿ ಅದು ಕಡ್ಡಾಯ, ಹಾಗಾಗಿ ಸಿನಿಮಾ ಎಲ್ಲರ ಸ್ವತ್ತಾಯಿತು. ಈಗ ಆ ನಿಯಮ ಇಲ್ಲ, ಆದರೂ ಸಾಲು ಇರಲಿ.

ಸಹಿಯಾದ ಎಲ್ಲ ಕರಾರುಗಳನ್ನು ಸ್ಕ್ಯಾನ್ ಮಾಡಿ ಎರಡು ಕಡೆ ಇಡಿ, ಮೂಲ ಪ್ರತಿಗಳು ಬೇರೆ ಕಡೆ ಇರಲಿ. ಒಂದು ಹಾಳೆಯಲ್ಲಿ ಯಾವ ಹಕ್ಕು ಯಾರಿಗೆ ಎಲ್ಲಿಯವರೆಗೆ ಕೊಟ್ಟಿದ್ದೀರಿ ಅಂತ ಬರೆದಿಡಿ. ಒಂದೇ ಹಕ್ಕನ್ನು ಗೊತ್ತಿಲ್ಲದೆ ಇಬ್ಬರಿಗೆ ಮಾರುವ ಅನಾಹುತ ಇದರಿಂದ ತಪ್ಪುತ್ತದೆ. ವಿತರಕರ ಲೆಕ್ಕ ಬರಬೇಕಾದ ದಿನಾಂಕಗಳನ್ನೂ ಅದೇ ಹಾಳೆಗೆ ಸೇರಿಸಿ, ಬಾರದಿದ್ದರೆ ವಾರದೊಳಗೆ ಬರಹದಲ್ಲಿ ಕೇಳಿ. ಲೆಕ್ಕ ಪರಿಶೀಲಿಸುವ ಹಕ್ಕು ಕರಾರಿನಲ್ಲಿ ಇದ್ದರೂ ಅದಕ್ಕೆ ಸಾಮಾನ್ಯವಾಗಿ ಕಾಲಮಿತಿ ಇರುತ್ತದೆ. ಲೆಕ್ಕ ಬಂದು ಇಂತಿಷ್ಟು ತಿಂಗಳಾದ ಮೇಲೆ ತಕರಾರು ಎತ್ತುವ ಹಾಗಿಲ್ಲ ಅಂತ ಬರೆದಿರುತ್ತಾರೆ. ಆ ದಿನಾಂಕವನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡಿಕೊಳ್ಳಿ.